ಮೈಸೂರು ದೊರೆಯ ದುಡ್ಡು, ಐಸೋಲ್ಡೆಯ ದನಿ

1950ರ ಮೇ 22ರ ಸಂಜೆ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ಫಿಲ್ಹಾರ್ಮೋನಿಯಾ ವಾದ್ಯವೃಂದದ ಮುಂದೆ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ನಿಂತಿದ್ದಾರೆ. ಪಕ್ಕದಲ್ಲಿ ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ವಾಗ್ನರನ ಒಪೆರಾ ನಾಯಕಿಯರನ್ನು ಹಾಡುವುದರಲ್ಲಿ ಆ ಕಾಲಕ್ಕೆ ಆಕೆಯದೇ ದೊಡ್ಡ ಕಂಠ. ಜರ್ಮನಿಯ ಸಂಗೀತಕಾರ ರಿಚರ್ಡ್ ಸ್ಟ್ರೌಸ್ 84ರ ವಯಸ್ಸಿನ ಆಸುಪಾಸಿನಲ್ಲಿ ಬರೆದ ನಾಲ್ಕು ಹಾಡುಗಳು ಅವತ್ತು ಮೊಟ್ಟಮೊದಲ ಬಾರಿಗೆ ಸಭೆಯ ಕಿವಿಗೆ ಬೀಳಲಿವೆ. ಫ್ಲಾಗ್‌ಸ್ಟಾಡರೇ ಹಾಡಬೇಕು ಎಂದು ಆಸೆಪಟ್ಟಿದ್ದ ಸ್ಟ್ರೌಸ್ ಹಿಂದಿನ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದಾರೆ. ಗಾಯಕಿಯಾಗಿದ್ದ ಅವರ ಹೆಂಡತಿ ಪಾಲಿನೆ ಕೂಡ ಕಛೇರಿಗೆ ಒಂಬತ್ತೇ ದಿನ ಮುಂಚೆ ಕಣ್ಣು ಮುಚ್ಚಿದ್ದಾರೆ.

ಈ ಕಛೇರಿಗೆ ಹಣದ ಭರವಸೆ ಕೊಟ್ಟವರು ಯಾರು ಅಂತೀರಿ? ನಮ್ಮ ಮೈಸೂರು ಮಹಾರಾಜರು! ಜಯಚಾಮರಾಜ ಒಡೆಯರು!

ಇದನ್ನು ನಾನು ಓದಿದ್ದು ಹೊಸಕೆರೆಹಳ್ಳಿಯ ನಮ್ಮ ಮನೆಯಲ್ಲಿ, ರಿಂಗ್ ರೋಡಿನ ಲಾರಿಗಳು ಕಿಟಕಿ ಗಾಜು ನಡುಗಿಸುತ್ತಿದ್ದ ಒಂದು ರಾತ್ರಿ. ಓದಿದವನು ಎದ್ದು ನಿಂತೇಬಿಟ್ಟೆ. ಖಾತರಿ ಕೊಟ್ಟ ಮೊತ್ತ 4,800 ಡಾಲರ್. ಮಹಾರಾಜರಿಗೆ ಲಂಡನ್ನಿಗೆ ಹೋಗಲು ಆಗಲಿಲ್ಲ. ಅದಕ್ಕೆಂದೇ ಕಛೇರಿಯನ್ನು ಮುದ್ರಿಸಿ ಆ ತಟ್ಟೆಗಳನ್ನು ಮೈಸೂರಿಗೆ ಕಳಿಸುವ ಏರ್ಪಾಡು. ಅರಮನೆಯಲ್ಲಿ ಆಗಲೇ ಸುಮಾರು 20,000 ಗ್ರಾಮಫೋನ್ ತಟ್ಟೆಗಳಿದ್ದವಂತೆ. ದೊರೆಗೆ ಇನ್ನೂ ಮೂವತ್ತು. ಸಂಸ್ಥಾನ ಒಕ್ಕೂಟದಲ್ಲಿ ಸೇರಿಹೋಗಿ, ಅವರು ರಾಜಪ್ರಮುಖರಾಗಿ ನಾಲ್ಕು ತಿಂಗಳು ತುಂಬುತ್ತಿತ್ತಷ್ಟೆ. ದಸರಾ ಅಂಬಾರಿಯ ಚಿತ್ರದಲ್ಲಿ ಮಾತ್ರ ನೋಡಿ ಗೊತ್ತಿದ್ದ ಆ ಗಂಭೀರ ಮುಖದ ಮನುಷ್ಯ, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ದೇವೀ ಉಪಾಸಕ, ಇಲ್ಲಿ ಕೂತು ಅಲ್ಲಿಯ ಫ್ಲಾಗ್‌ಸ್ಟಾಡರ ದನಿಗೆ ಕಾಯುತ್ತಿದ್ದರು!

ಆ ಮುದ್ರಿಕೆ ಉಳಿದುಕೊಂಡಿದೆ. ಸದ್ದು ಮಾತ್ರ ಕರಕರ, ಒಮ್ಮೊಮ್ಮೆ ಹಾಡಿಗಿಂತ ತಟ್ಟೆಯ ಗೀರೇ ಜೋರು. ಆದರೂ ಕೇಳಿ. ನಾಲ್ಕು ಹಾಡಿನ ಜೊತೆಗೆ ವಾಗ್ನರನ ‘ಟ್ರಿಸ್ಟಾನ್ ಮತ್ತು ಐಸೋಲ್ಡೆ’ಯ ಕೊನೆಯ ದೃಶ್ಯವನ್ನೂ ಫ್ಲಾಗ್‌ಸ್ಟಾಡ್ ಅವತ್ತು ಹಾಡಿದರು. ಮಡಿದ ಪ್ರಿಯನ ಮುಂದೆ ಐಸೋಲ್ಡೆ ನಿಂತಿದ್ದಾಳೆ. ಅಳುವುದಿಲ್ಲ. ಅವನು ನಗುತ್ತಿದ್ದಾನೆ, ನಿಮಗೆ ಕಾಣುತ್ತಿಲ್ಲವೇ ಎಂದು ಸುತ್ತ ನೆರೆದವರನ್ನು ಕೇಳುತ್ತಾಳೆ. ವಾದ್ಯಗಳು ಅಲೆ ಅಲೆಯಾಗಿ ಏರುತ್ತವೆ, ಇನ್ನೇನು ದಡ ಮುಟ್ಟಿತು ಅನ್ನುವಾಗ ಹಿಂಜರಿಯುತ್ತವೆ, ಮತ್ತೆ ಏರುತ್ತವೆ. ಒಪೆರಾದ ಮೊದಲ ಕ್ಷಣದಿಂದ ನೆಲೆ ಸಿಗದೆ ತೂಗಾಡುತ್ತಿದ್ದ ಸ್ವರಗುಚ್ಛವೊಂದು ನಾಲ್ಕು ಗಂಟೆಗಳಾದ ಮೇಲೆ, ಅವಳ ಉಸಿರಿನ ಜೊತೆಗೆ, ಕಟ್ಟಕಡೆಗೆ ನೆಲೆ ನಿಲ್ಲುತ್ತದೆ. ನಾಲ್ಕು ಗಂಟೆ ಕಾಯಿಸುವ ಧೈರ್ಯ ನೋಡಿ!

ಇಲ್ಲಿಗೇ ಮುಗಿಯಲಿಲ್ಲ. ಫಿಲ್ಹಾರ್ಮೋನಿಯಾವನ್ನು 1945ರಲ್ಲಿ ಕಟ್ಟಿದ ವಾಲ್ಟರ್ ಲೆಗ್ 1949ರಲ್ಲಿ ಮೈಸೂರಿಗೆ ಬಂದಿದ್ದರು. ಅವರು ಬರೆದಿಟ್ಟಿರುವ ಪ್ರಕಾರ ಮಹಾರಾಜರು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಆ ವಾದ್ಯವೃಂದಕ್ಕೆ ನೆರವಾದರು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯದ ಮೆಟ್ನರ್ ಎಂಬ ಸಂಗೀತಗಾರನ ಕೃತಿಗಳು ಧ್ವನಿಮುದ್ರಣಗೊಳ್ಳುವಂತೆ ಮಾಡಿದ್ದೂ ಇದೇ ಕೈ. ಆ ಮುದುಕ ತನ್ನ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಮೈಸೂರು ದೊರೆಗೇ ಅರ್ಪಿಸಿದ. ಸರಿ, ಇದೆಲ್ಲ ಪಿಯಾನೊದ ಮಾತಾಯಿತು, ಒಪೆರಾ ಎಲ್ಲಿ ಬಂತು ಅಂತೀರೋ? 1952ರ ಜೂನ್‌ನಲ್ಲಿ ಅದೇ ಫುರ್ಟ್‌ವೆಂಗ್ಲರ್, ಅದೇ ಫ್ಲಾಗ್‌ಸ್ಟಾಡ್, ಅದೇ ಫಿಲ್ಹಾರ್ಮೋನಿಯಾ ಸೇರಿ ಲಂಡನ್ನಿನ ಕಿಂಗ್ಸ್‌ವೇ ಹಾಲಿನಲ್ಲಿ ಇಡೀ ‘ಟ್ರಿಸ್ಟಾನ್’ ಮುದ್ರಿಸಿದರು. ಈವರೆಗೆ ಮುದ್ರಣಗೊಂಡ ಒಪೆರಾಗಳಲ್ಲಿ ಮೊದಲ ಸಾಲಿಗೆ ಸೇರಿಸುವಂಥದ್ದು ಅದು. ಕನ್ನಂಬಾಡಿ ನೀರು ಕುಡಿದ ನಾಡಿನ ದುಡ್ಡು ಯಾವ ಯಾವ ಗದ್ದೆಗೆ ಹರಿದಿದೆ ಅಂತ ಯಾರಿಗೆ ಗೊತ್ತಿತ್ತು?

ಆ ಮುದ್ರಣದ ಒಂದು ಗುಟ್ಟು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಎರಡನೆಯ ಅಂಕದಲ್ಲಿ ಐಸೋಲ್ಡೆ ತಾರಸ್ಥಾಯಿಯ ತುತ್ತತುದಿಯ ಸ್ವರವನ್ನು ಮುಟ್ಟಬೇಕು. ಫ್ಲಾಗ್‌ಸ್ಟಾಡರಿಗೆ ಆಗ 56 ವರ್ಷ. ಆ ಸ್ವರಗಳನ್ನು ಹಾಡಿದ್ದು ಎಲಿಜಬೆತ್ ಶ್ವಾರ್ಟ್ಸ್‌ಕಾಫ್. ಆಕೆ ಇನ್ನೂ ಎಳೆಯ ಕಂಠದ, ಒಪೆರಾ ಲೋಕದಲ್ಲಿ ಆಗಲೇ ಹೆಸರಾಗಿದ್ದ ಗಾಯಕಿ, ಮುಂದೆ ಲೆಗ್ ಅವರ ಹೆಂಡತಿ. ಒಂದೋ ಎರಡೋ ಸ್ವರಕ್ಕೆ ಹಿನ್ನೆಲೆ ಗಾಯನ! ಇದು ಹೊರಬಿದ್ದಾಗ ಅಲ್ಲಿ ದೊಡ್ಡ ಗುಲ್ಲಾಯಿತಂತೆ. ಪಿ.ಬಿ. ಶ್ರೀನಿವಾಸ್ ಹಾಡಿದ್ದಕ್ಕೆ ರಾಜ್‌ಕುಮಾರ್ ತುಟಿ ಆಡಿಸಿದ್ದನ್ನು ಕಣ್ತುಂಬ ನೋಡಿ ಬೆಳೆದ ನಮಗೆ ಇದರಲ್ಲಿ ಗುಲ್ಲೆಬ್ಬಿಸುವಂಥದ್ದು ಏನೂ ಕಾಣುವುದಿಲ್ಲ. ನಾನಂತೂ ಆ ಜಾಗ ಬಂದಾಗಲೆಲ್ಲ ಹೊಲಿಗೆ ಎಲ್ಲಿದೆ ಎಂದು ಕಿವಿ ನಿಗುರಿಸಿ ಹುಡುಕುತ್ತೇನೆ. ಸಿಕ್ಕುವುದೇ ಇಲ್ಲ.

ಒಪೆರಾ ರುಚಿ ಹತ್ತುವುದು ಹೇಗೆ ಎಂದು ಕೇಳುವವರಿಗೆ ನನ್ನ ಉತ್ತರ: ಮೊದಲು ಕಥೆಯನ್ನು ಪೂರ್ತಿ ಓದಿಬಿಡಿ. ಯಾರು ಸಾಯುತ್ತಾರೆ, ಯಾರು ಮೋಸ ಮಾಡುತ್ತಾರೆ, ಎಲ್ಲ. ‘ಕೊನೆ ಹೇಳಬೇಡಿ’ ಅನ್ನುವುದು ಸಿನಿಮಾದವರ ಚಾಳಿ. ಕರ್ಣ ಸಾಯುತ್ತಾನೆಂದು ತಿಳಿಯದೆ ಯಾರು ಯಕ್ಷಗಾನದ ‘ಕರ್ಣಪರ್ವ’ ನೋಡಲು ಹೋಗುತ್ತಾರೆ? ಕಥೆ ಗೊತ್ತಿದ್ದಾಗಲೇ ಕಿವಿ ಬಿಡುವಾಗುವುದು. ಭಾಗವತರು ಇವತ್ತು ಈ ಪದ್ಯವನ್ನು ಯಾವ ರಾಗದಲ್ಲಿ ಎತ್ತುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ ಎನ್ನುವುದರ ಮೇಲೆ ಜೀವ ಇಟ್ಟು ಕೂರುವುದು ಆಗ. ಒಪೆರಾಗೂ ಬೇಕಾದ್ದು ಅದೇ ಕಿವಿ, ಮತ್ತು ಅದು ನಮ್ಮಲ್ಲಿ ತಯಾರಾಗಿಯೇ ಇದೆ! ಭಾಷೆಯ ಭಯವೂ ಬೇಡ. 1983ರಲ್ಲಿ ಟೊರಾಂಟೊದವರು ವೇದಿಕೆಯ ಮೇಲ್ಗಡೆ ಸಾಲು ಸಾಲಾಗಿ ಅರ್ಥ ಮೂಡಿಸಲು ಶುರುಮಾಡಿದ ಮೇಲೆ ಜಗತ್ತೆಲ್ಲ ಹಾಗೇ ನೋಡುತ್ತಿದೆ. ಯೂಟ್ಯೂಬಿನಲ್ಲೂ ಕೆಳಗೆ ಇಂಗ್ಲಿಷ್ ಅಕ್ಷರ ಓಡುವ ಪ್ರಯೋಗಗಳು ಬೇಕಾದಷ್ಟಿವೆ.

ಕಂಪನಿ ನಾಟಕದ ಕಾಲದಲ್ಲಿ ಇಷ್ಟು ಹೇಳುವ ಅಗತ್ಯವೂ ಇರಲಿಲ್ಲ. ನಟ ವರದಾಚಾರ್ಯರು ಹಾಡಿದರೆ ‘ಒನ್ಸ್ ಮೋರ್’ ಕೂಗಿ ಮತ್ತೆ ಹಾಡಿಸುತ್ತಿದ್ದ ಅಜ್ಜಂದಿರು ಇಟಲಿಯ ಒಪೆರಾ ಗ್ಯಾಲರಿಯಲ್ಲಿ ಕೂತಿದ್ದರೂ ಯಾರೂ ಹೊರಗಿನವರೆಂದು ಗುರುತಿಸುತ್ತಿರಲಿಲ್ಲ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. 1871ರಲ್ಲಿ ಕೈರೋದಲ್ಲಿ ಮೊದಲು ಆಡಿದ ವೆರ್ದಿಯ ‘ಐದಾ’ ಇಂದಿಗೂ ಅಂಥದ್ದೇ ಮೆರವಣಿಗೆಗೆ ಹೆಸರುವಾಸಿ. ಅದೇ ವೆರ್ದಿ 1887ರಲ್ಲಿ ಷೇಕ್ಸ್‌ಪಿಯರನ ಒಥೆಲೊವನ್ನು ಮಿಲಾನಿನಲ್ಲಿ ಒಪೆರಾ ಮಾಡಿ ತಂದರು. ಅದೇ ಒಥೆಲೊವನ್ನು, ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಬಸವಪ್ಪ ಶಾಸ್ತ್ರಿಗಳು ಮೈಸೂರಿನಲ್ಲಿ ಪದ್ಯಗಳಿಂದ ತುಂಬಿದ ‘ಶೂರಸೇನ ಚರಿತ್ರೆ’ಯಾಗಿಸಿದ್ದರು! ಒಬ್ಬರಿಗೆ ಇನ್ನೊಬ್ಬರ ಹೆಸರು ತಿಳಿದಿರಲಾರದು. ಆಮೇಲೆ ಪು.ತಿ.ನ. ಬಂದರು. ‘ಗೋಕುಲ ನಿರ್ಗಮನ’, ‘ಹಂಸ ದಮಯಂತಿ’ ಎಂದು ಗೀತನಾಟಕಗಳನ್ನೇ ಬರೆದರು. ಚಿಕ್ಕಂದಿನಲ್ಲಿ ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು ‘ಗೋಕುಲ ನಿರ್ಗಮನ’ವನ್ನು ರಂಗಕ್ಕೆ ತಂದರು. ಇದರ ಕಥೆ ಬೇರೆಯೇ ಬರೆಯಬೇಕು, ಇಲ್ಲಿ ಜಾಗ ಸಾಲದು.

ನನ್ನ ಮೆಚ್ಚಿನ ಒಪೆರಾಕ್ಕೆ ಬರುತ್ತೇನೆ. ಮೊಜಾರ್ಟ್, ಪುಚ್ಚಿನಿ, ಎಲ್ಲ ಸರಿ. ಆದರೆ ಗುಸ್ತಾವ್ ಹೋಲ್ಸ್ಟ್ ಎಂಬ ಇಂಗ್ಲೆಂಡಿನವರ ಹೆಸರು ಕೇಳಿದ್ದೀರಾ? ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದ ಈ ಮನುಷ್ಯ ಸಂಸ್ಕೃತ ಕಲಿತು, ‘ಸೀತಾ’ ಎಂಬ ಮೂರಂಕದ ಒಪೆರಾ ಬರೆದು, ಅದು ರಂಗ ಕಾಣದೆ ಹೋದಮೇಲೂ ಎದೆಗುಂದದೆ ‘ಸಾವಿತ್ರಿ’ ಬರೆದರು. ನಮ್ಮದೇ ಸಾವಿತ್ರಿ, ಸತ್ಯವಾನ, ಯಮ! ಮೂರೇ ಪಾತ್ರ, ಹನ್ನೆರಡೇ ವಾದ್ಯ, ಮಾತಿಲ್ಲದೆ ಗುನುಗುವ ಹೆಂಗಸರ ಮೇಳ, ಅರ್ಧ ಗಂಟೆಯ ಆಟ. ಲಂಡನ್ನಿನಲ್ಲಿ ಮೊದಲ ಪ್ರದರ್ಶನ 1916ರ ಡಿಸೆಂಬರ್, ಮಹಾಯುದ್ಧದಲ್ಲಿ ಊರೂರಿನ ಸತ್ಯವಾನರು ಸಾಯುತ್ತಿದ್ದ ಹೊತ್ತು.

ಶುರುವಾಗುವುದು ಹೇಗೆ ಗೊತ್ತೇ? ಒಂದೂ ವಾದ್ಯವಿಲ್ಲ. ರಂಗದ ಹೊರಗಿನ ಕತ್ತಲಿಂದ ಯಮನ ದನಿ ಮಾತ್ರ. ನಾನು ಬರುತ್ತಿದ್ದೇನೆ ಎನ್ನುತ್ತದೆ. ಅದಕ್ಕೆ ಸಾವಿತ್ರಿಯ ದನಿ ಬೇರೆಯೇ ಶ್ರುತಿಯಲ್ಲಿ ಹೆಣೆದುಕೊಳ್ಳುತ್ತದೆ. ಎರಡು ದನಿ, ಎರಡು ಆಧಾರಷಡ್ಜ, ನಡುವೆ ಬರೀ ಖಾಲಿ. ಮೈ ಜುಮ್ಮೆನ್ನುತ್ತದೆ!

ಇದನ್ನು ನಮ್ಮ ಮೇಲ್ಮನೆಯ ಯಜಮಾನರಿಗೆ ಕೇಳಿಸಿದೆ. ಕುಂದಾಪುರದ ಕಡೆಯವರು. ಮಳೆಗಾಲದಲ್ಲಿ ಮೇಳಗಳು ಬೆಂಗಳೂರಿಗೆ ಬಂದರೆ ಒಂದು ಆಟವನ್ನೂ ಬಿಡದ ಆಸಾಮಿ. ಕಣ್ಣು ಮುಚ್ಚಿ ಕೇಳಿದರು.

“ಇವ ಯಮನಾ?”

“ಹೌದು ಸಾರ್.”

“ಬಣ್ಣದ ವೇಷ ತೆರೆ ಹಿಂದಿಂದ ಆರ್ಭಟೆ ಕೊಡುದು ಕಂಡಿದ್ದೆ. ಇವ ಆರ್ಭಟೆಯೇ ಇಲ್ಲದೆ ಹೆದರಿಸ್ತ ಅಲ್ದಾ ಮಾರಾಯ್ರೆ! ಇನ್ನೊಮ್ಮೆ ಹಾಕಿ ಕಾಂಬ.”

ಎರಡನೆಯ ಸಲ ಕೇಳಿದ ಮೇಲೆ, ವರ ಕೇಳುವ ಸಂದರ್ಭದಲ್ಲಿ ಅರ್ಥಗಾರಿಕೆ ಸಾಲದು, ನಮ್ಮವರಾಗಿದ್ದರೆ ಯಮನ ಜೊತೆ ಒಂದು ಗಂಟೆ ವಾದ ಹೂಡುತ್ತಿದ್ದರು ಎಂದು ಆಕ್ಷೇಪವನ್ನೂ ಎತ್ತಿದರು. ನ್ಯಾಯವಾದ ಆಕ್ಷೇಪ. ಹೋಲ್ಸ್ಟರ ಸಾವಿತ್ರಿ ಬೇಗ ಗೆದ್ದುಬಿಡುತ್ತಾಳೆ.

ಆಮೇಲೆ ಅವರಿಗೆ ಫಿಲಿಪ್ ಗ್ಲಾಸ್ ಅವರ ಒಪೆರಾ ‘ಸತ್ಯಾಗ್ರಹ’ ತೋರಿಸಿದೆ. 1980ರಲ್ಲಿ ರಾಟರ್‌ಡ್ಯಾಮಿನಲ್ಲಿ ಮೊದಲು ಆಡಿದ್ದು. ಗಾಂಧೀಜಿಯ ದಕ್ಷಿಣ ಆಫ್ರಿಕದ ದಿನಗಳೇ ವಸ್ತು. ಹಾಡುವುದೆಲ್ಲ ಭಗವದ್ಗೀತೆಯ ಸಂಸ್ಕೃತ ಶ್ಲೋಕಗಳು, ಮೊದಲಿಂದ ಕೊನೆಯವರೆಗೆ! ಮೊದಲ ದೃಶ್ಯದಲ್ಲೇ ಕುರುಕ್ಷೇತ್ರ. ಅರ್ಜುನ, ಕೃಷ್ಣರ ಜೊತೆಗೆ ಗಾಂಧಿ. ಅಮೆರಿಕದ ಗಾಯಕರ ಬಾಯಲ್ಲಿ ಉಚ್ಚಾರ ಸ್ವಲ್ಪ ಆಚೀಚೆ ಆಗುತ್ತದೆ, ಆಗಲಿ ಬಿಡಿ. ಕಟ್ಟಕಡೆಯ ದೃಶ್ಯದಲ್ಲಿ ಗಾಂಧಿ ಒಬ್ಬರೇ ನಿಂತು ಹಾಡುತ್ತಾರೆ. ಒಂದೇ ಒಂದು ಆರೋಹಣ, ಎಂಟು ಸ್ವರ, ಮೂವತ್ತು ಸಲ. ಕೆಳಗೆ ವಾದ್ಯಗಳ ಬಣ್ಣ ಬದಲಾಗುತ್ತಲೇ ಇರುತ್ತದೆ, ಮೇಲೆ ಅದೇ ಏಣಿ. ನಾನು ಕೇಳುತ್ತ ಕೇಳುತ್ತ ಬಾಯಲ್ಲೇ ಸ್ವರ ಹಾಕಿ ನೋಡಿದೆ. ಶುದ್ಧ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕೈಶಿಕಿ ನಿಷಾದ... ಅಯ್ಯೋ, ಇದು ಹನುಮತೋಡಿಯ ಮೇಳ! ಗಮಕವಿಲ್ಲದ, ಬೋಳು ಬೋಳು ತೋಡಿಯ ಸ್ವರಗಳು! ಗಮಕ ತೆಗೆದರೆ ತೋಡಿ ಎಲ್ಲಿ ಉಳಿಯುತ್ತದೆ ಎಂದು ಸಂಗೀತ ಬಲ್ಲವರು ನನ್ನ ಮೇಲೆ ರೇಗಬಹುದು. ರೇಗಲಿ. ದಕ್ಷಿಣ ಆಫ್ರಿಕದ ರಾತ್ರಿಯಲ್ಲಿ ಗಾಂಧಿಯ ಬಾಯಿಂದ ಗೀತೆ, ಅದೂ ನಮ್ಮ ಎಂಟನೆಯ ಮೇಳದ ಮೆಟ್ಟಿಲು ಹತ್ತುತ್ತಾ! ಇಷ್ಟಕ್ಕಿಂತ ಇನ್ನೇನು ಪವಾಡ ಬೇಕು?

ಮುಂದಿನ ಸರದಿ ವಾಗ್ನರನ ‘ರಿಂಗ್’. 1876ರಲ್ಲಿ, ಅದಕ್ಕೆಂದೇ ಬೈರಾಯ್ಟ್ ಎಂಬಲ್ಲಿ ಕಟ್ಟಿದ ರಂಗಮಂದಿರದಲ್ಲಿ ಆಡಿದ್ದು. ನಾಲ್ಕು ಒಪೆರಾ, ಒಟ್ಟು ಹದಿನೈದು ಗಂಟೆಯ ಹತ್ತಿರ. ದೇವತೆಗಳು, ಕುಳ್ಳರು, ಕದ್ದ ಚಿನ್ನ, ಶಾಪ, ಕೊನೆಗೆ ಎಲ್ಲವನ್ನೂ ಸುಡುವ ಬೆಂಕಿ. ಆ ಬೆಂಕಿಯ ದೃಶ್ಯವನ್ನೂ ಫ್ಲಾಗ್‌ಸ್ಟಾಡ್ 1950ರ ಅದೇ ಸಂಜೆ ಹಾಡಿದ್ದರು. ಹದಿನೈದು ಗಂಟೆ ಕೂರುವುದು ಹೇಗೆ ಸಾರ್ ಎಂದು ಮೇಲ್ಮನೆಯವರನ್ನು ಕೇಳಿದೆ.

“ಬೆಳಗಾಪಲ್ಲಿವರೆಗೆ ಮೂರು ಪ್ರಸಂಗ ಕಂಡವ ನಾನು,” ಅಂದರು. “ನಾಲ್ಕು ರಾತ್ರಿಗೆ ಹಂಚಿದ್ದು ಎಂಥ ದೊಡ್ಡದು? ಚಾ ಮಾತ್ರ ನಿಮ್ದೇ.”