ನಿಮಗಿದು ಗೊತ್ತೇ? ಆಫರ್ ದೊಡ್ಡದು, ಹಿಂಜ್ ಎಷ್ಟು ಗಟ್ಟಿ?

ಸಿಇಟಿ ಸೀಟು ಹಂಚಿಕೆ ಶುರುವಾಯಿತೆಂದರೆ ಪುತ್ತೂರು, ಸುಳ್ಯ, ಕಡಬದ ಎಷ್ಟೋ ಮನೆಗಳಲ್ಲಿ ಒಂದೇ ಚರ್ಚೆ: ಯಾವ ಲ್ಯಾಪ್‌ಟಾಪ್ ತೆಗೆಯುವುದು? ಅಂಗಡಿಯ ಫ್ಲೆಕ್ಸಿನಲ್ಲೂ ಮೊಬೈಲಿನ ಪರದೆಯಲ್ಲೂ ರಿಯಾಯಿತಿ ಮಾತ್ರ ದಪ್ಪಕ್ಷರದಲ್ಲಿ ಇರುತ್ತದೆ. ಸಣ್ಣಕ್ಷರದಲ್ಲಿ ಉಳಿದುಬಿಡುವ ಕೆಲವು ಸಂಗತಿಗಳು ಇಲ್ಲಿವೆ.

● ಎಂಆರ್‌ಪಿಯನ್ನು ಸರಕಾರ ನಿಗದಿ ಮಾಡುವುದಿಲ್ಲ, ಕಂಪೆನಿಯೇ ಬರೆದುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಿಗೆ ಮಾರಬಾರದು ಎಂಬುದಷ್ಟೇ ಕಾನೂನು. 72,000 ಎಂದು ಬರೆದು 43,000ಕ್ಕೆ ಕೊಟ್ಟರೆ ಶೇ. 40 ರಿಯಾಯಿತಿ. 52,000 ಎಂದು ಬರೆದು ಅದೇ 43,000ಕ್ಕೆ ಕೊಟ್ಟರೆ ಬರೀ ಶೇ. 17. ನಿಮ್ಮ ಕಿಸೆಯಿಂದ ಹೋಗುವ ದುಡ್ಡು ಎರಡರಲ್ಲೂ ಒಂದೇ. ಶೇಕಡಾ ಲೆಕ್ಕವನ್ನು ಅಲ್ಲಿಗೇ ಬಿಟ್ಟು, ಕೈಗೆ ಬರುವ ಯಂತ್ರವನ್ನಷ್ಟೇ ಹೋಲಿಸಿ ನೋಡಿ.

● 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಇಳಿದಾಗ ಎಸಿ ಮತ್ತು ದೊಡ್ಡ ಟಿವಿಗಳ ತೆರಿಗೆ ಶೇ. 28ರಿಂದ 18ಕ್ಕೆ ಬಂತು. ಲ್ಯಾಪ್‌ಟಾಪ್ ಮೊದಲೇ ಶೇ. 18ರಲ್ಲಿತ್ತು, ಈಗಲೂ ಅಲ್ಲೇ ಇದೆ. 59,000 ರೂಪಾಯಿಯ ಬಿಲ್ಲಿನಲ್ಲಿ 9,000 ತೆರಿಗೆ. ಜಿಎಸ್‌ಟಿ ನೋಂದಣಿ ಇರುವವರು ವ್ಯವಹಾರಕ್ಕೆಂದು ಕೊಳ್ಳುವಾಗ ತಮ್ಮ ನಂಬರು ಹಾಕಿಸಿ ಬಿಲ್ ಮಾಡಿಸಿಕೊಂಡರೆ ಆ ತೆರಿಗೆಯನ್ನು ಮುಂದಿನ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು. ಅಂಥವರಿಗೆ ಯಾವ ಹಬ್ಬದ ಆಫರಿಗಿಂತಲೂ ಇದೇ ದೊಡ್ಡದು.

● ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ತಯಾರಾದ ತಿಂಗಳು, ವರ್ಷ ಇರಬೇಕೆಂಬ ನಿಯಮವಿದೆ. ಅದನ್ನು ಓದುವವರು ಕಡಿಮೆ. ನಮ್ಮ ಕಡೆ ಅಡಿಕೆ ಹಳತಾದಷ್ಟೂ ಧಾರಣೆ ಜಾಸ್ತಿ, ಡಬಲ್ ಚೋಲಿಗೆ ಹೊಸ ಚಾಲಿಗಿಂತ ಮೇಲಿನ ರೇಟು. ಲ್ಯಾಪ್‌ಟಾಪಿನ ಧರ್ಮ ಇದಕ್ಕೆ ತದ್ವಿರುದ್ಧ. ಪೆಟ್ಟಿಗೆಯಲ್ಲೇ ಮಲಗಿದ್ದರೂ ಲಿಥಿಯಂ ಬ್ಯಾಟರಿಗೆ ವಯಸ್ಸಾಗುತ್ತದೆ. ಎರಡು ವರ್ಷದ ಹಳೆ ಸರಕು ಎಂದು ಗೊತ್ತಾದರೆ ಕೊಳ್ಳಬಾರದೆಂದೇನಿಲ್ಲ, ಆದರೆ ಚೌಕಾಸಿಗೆ ನಿಮ್ಮ ಕೈಯಲ್ಲಿ ಒಂದು ಹಿಡಿತ ಸಿಕ್ಕಿತು.

● ಪ್ರೊಸೆಸರಿನ ಹೆಸರಿನಲ್ಲೇ ವಯಸ್ಸು ಅಡಗಿರುತ್ತದೆ. ಎಎಂಡಿಯ ರೈಜನ್ 7000 ಸರಣಿಯನ್ನು ತೆಗೆದುಕೊಳ್ಳಿ. ‘ರೈಜನ್ 5 7520ಯು’ ಮತ್ತು ‘ರೈಜನ್ 5 7530ಯು’ ನೋಡಲಿಕ್ಕೆ ಅಣ್ಣ–ತಮ್ಮ. ಮೊದಲ ಅಂಕಿ 7 ಎಂದರೆ 2023ರ ಸಾಲಿನದು ಎಂದರ್ಥ, ಎಲ್ಲರ ಕಣ್ಣು ಅಲ್ಲಿಗೇ ಹೋಗುತ್ತದೆ. ನೋಡಬೇಕಾದದ್ದು ಮೂರನೆಯ ಅಂಕಿಯನ್ನು. ಅಲ್ಲಿ 2 ಇದ್ದರೆ ಒಳಗಿನ ವಿನ್ಯಾಸ ‘ಜೆನ್ 2’, ಅದು ಮೊದಲು ಮಾರುಕಟ್ಟೆಗೆ ಬಂದದ್ದು 2019ರಲ್ಲಿ. 3 ಇದ್ದರೆ ಅದರ ಮುಂದಿನ ತಲೆಮಾರು. 7520ಯುನಲ್ಲಿ ನಾಲ್ಕು ಕೋರ್, 7530ಯುನಲ್ಲಿ ಆರು. ಒಂದೇ ಒಂದು ಅಂಕಿಯ ವ್ಯತ್ಯಾಸಕ್ಕೆ ಕಂಪ್ಯೂಟರೇ ಬೇರೆ! ಇಂಟೆಲ್ ಕೂಡ ಹಿಂದೆ ಬಿದ್ದಿಲ್ಲ. ‘ಕೋರ್ ಐ3-ಎನ್305’ರಲ್ಲಿ ಎಂಟು ಕೋರ್ ಇವೆಯೆಂದು ಹಿಗ್ಗಬೇಡಿ, ಎಂಟೂ ಕರೆಂಟು ಉಳಿಸುವ ಚಿಕ್ಕ ಕೋರ್‌ಗಳು. ಆರೇ ಕೋರ್‌ನ ‘ಐ3-1215ಯು’ನಲ್ಲಿ ಎರಡು ದೊಡ್ಡ ಕೋರ್ ಇರುವುದರಿಂದ ಅದೇ ಹೆಚ್ಚು ಚುರುಕು. ಕೊನೆಯ ಅಕ್ಷರ ‘ಯು’ ಆದರೆ ಮಿತವ್ಯಯಿ, ‘ಎಚ್’ ಆದರೆ ಬಲಶಾಲಿ, ಬಿಸಿಯೂ ಜಾಸ್ತಿ.

● 512 ಜಿಬಿ ಎಂದು ಕೊಂಡ ಎಸ್‌ಎಸ್‌ಡಿಯನ್ನು ವಿಂಡೋಸ್ 476 ಜಿಬಿ ಎಂದು ತೋರಿಸುತ್ತದೆ. ಇದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಅಂಗಡಿಯವರ ಮೇಲೆ ರೇಗಬೇಡಿ.

● ರೇಗಬೇಕಾದರೆ ‘ಮೆಟಲ್ ಬಾಡಿ’ ಎಂಬ ಮಾತಿನ ಮೇಲೆ ರೇಗಿ. ರಿಪೇರಿಯವರ ಭಾಷೆಯಲ್ಲಿ ಲ್ಯಾಪ್‌ಟಾಪಿನ ಮೈಯಲ್ಲಿ ನಾಲ್ಕು ಭಾಗ: ಮುಚ್ಚಳದ ಬೆನ್ನು ‘ಎ’, ಪರದೆಯ ಸುತ್ತಣ ಚೌಕಟ್ಟು ‘ಬಿ’, ಕೀಬೋರ್ಡಿನ ಹಾಸು ‘ಸಿ’, ತಳ ‘ಡಿ’. ಅಗ್ಗದ ಮಾದರಿಗಳಲ್ಲಿ ಅಲ್ಯೂಮಿನಿಯಂ ಇರುವುದು ಹೆಚ್ಚಾಗಿ ‘ಎ’ ಭಾಗಕ್ಕೆ ಮಾತ್ರ, ಮುಟ್ಟಿದಾಗ ತಣ್ಣಗೆ ಹತ್ತುವ ಜಾಗಕ್ಕೆ. ಆದರೆ ಹಿಂಜ್ ಕಚ್ಚಿಕೊಂಡಿರುವುದು ಪ್ಲಾಸ್ಟಿಕ್ಕಿನ ‘ಸಿ’ ಅಥವಾ ‘ಡಿ’ ಭಾಗಕ್ಕೆ. ಆ ಪ್ಲಾಸ್ಟಿಕ್ಕಿನೊಳಗೆ ಬಿಸಿ ಮಾಡಿ ಕೂರಿಸಿದ ಕಿರುಬೆರಳ ಉಗುರಿಗಿಂತ ಸಣ್ಣ ಹಿತ್ತಾಳೆ ನಟ್ಟುಗಳು, ಅವಕ್ಕೆ ಸ್ಕ್ರೂ. ಮುಚ್ಚಳವನ್ನು ದಿನವೂ ಒಂದು ಮೂಲೆ ಹಿಡಿದು ಎಳೆದು ತೆರೆದರೆ ಭಾರವೆಲ್ಲ ಒಂದೇ ಬದಿಯ ಹಿಂಜಿಗೆ ಬಿದ್ದು, ನಟ್ಟು ಪ್ಲಾಸ್ಟಿಕ್ಕನ್ನೇ ಕಿತ್ತುಕೊಂಡು ಹೊರಬರುತ್ತದೆ. ಮೊದಲು ‘ಕಟ್’ ಎಂಬ ಸದ್ದು, ಆಮೇಲೆ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು, ಕೊನೆಗೆ ಪರದೆಯ ಚೌಕಟ್ಟೇ ಬಾಯಿ ಬಿಡುತ್ತದೆ. ಆಗ ಎರಡೇ ದಾರಿ: ಗಟ್ಟಿ ಅಂಟು ಹಾಕಿ ಕೂರಿಸುವುದು, ಇಲ್ಲವೇ ಇಡೀ ಭಾಗವನ್ನು ಬದಲಿಸುವುದು.

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು, ಯಾರೂ ಬೇಡವೆನ್ನುವುದಿಲ್ಲ. ಮುಚ್ಚಳದ ನಡುಮಧ್ಯ ಒಂದೇ ಬೆರಳಿಟ್ಟು ಎತ್ತಿ. ತಳವೂ ಜೊತೆಗೆ ಮೇಲೇಳದೆ ಮುಚ್ಚಳ ಸಲೀಸಾಗಿ ಬಂದರೆ ಹಿಂಜಿನ ಬಿಗಿ ಹದವಾಗಿದೆ. ಪರದೆಯ ಎರಡು ಬದಿ ಹಿಡಿದು ತುಸುವೇ ತಿರುಚಿ, ಕಿರ್‌ಗುಟ್ಟುತ್ತದೆಯೇ ಕೇಳಿ. ಕೀಬೋರ್ಡಿನ ನಡುವೆ ಬೆರಳೊತ್ತಿ, ಹೊಂಡವಾಗುತ್ತದೆಯೇ ನೋಡಿ. ಇಂಜಿನಿಯರಿಂಗಿನ ನಾಲ್ಕು ವರ್ಷ, ದಿನಾ ಬಸ್ಸಿನಲ್ಲಿ ಬ್ಯಾಗಿನೊಳಗೆ ಹೋಗಿ ಬರುವ ಸಾಮಾನು ಇದು. ಆ ಲೆಕ್ಕಕ್ಕೆ ಪ್ರೊಸೆಸರ್ ಒಂದು ಮೆಟ್ಟಿಲು ಕೆಳಗಿದ್ದರೂ ಮೈ ಗಟ್ಟಿ ಇರುವುದೇ ಲಾಭ ಎಂಬುದು ನನ್ನ ಅಭಿಪ್ರಾಯ.

● ‘ಮಿಲಿಟರಿ ಗ್ರೇಡ್’ ಎಂದು ಬರೆದಿದೆಯೇ? ಎಂಐಎಲ್-ಎಸ್‌ಟಿಡಿ-810ಎಚ್ ಎಂಬುದು ಅಮೆರಿಕದ ರಕ್ಷಣಾ ಇಲಾಖೆ 2019ರಲ್ಲಿ ಪರಿಷ್ಕರಿಸಿದ ಪರೀಕ್ಷಾ ಕ್ರಮಗಳ ಪುಸ್ತಕ. ಸೈನ್ಯ ಯಾವ ಲ್ಯಾಪ್‌ಟಾಪಿಗೂ ಸರ್ಟಿಫಿಕೇಟು ಕೊಡುವುದಿಲ್ಲ. ಅದರಲ್ಲಿರುವ ಹತ್ತಾರು ಪರೀಕ್ಷೆಗಳಲ್ಲಿ ಯಾವುದನ್ನು ಮಾಡಬೇಕೆಂದು ಆರಿಸಿಕೊಳ್ಳುವುದು ಕಂಪೆನಿಯೇ. ಯಾವ ಪರೀಕ್ಷೆ ಎಂಬ ಪಟ್ಟಿ ಕೊಟ್ಟಿದ್ದರೆ ಬೆಲೆ ಇದೆ, ಬರೀ ಸ್ಟಿಕ್ಕರ್ ಇದ್ದರೆ ಸ್ಟಿಕ್ಕರ್ ಅಷ್ಟೇ.

● ಪರದೆಯ ವಿವರದಲ್ಲಿ ‘45% ಎನ್‌ಟಿಎಸ್‌ಸಿ’ ಎಂದಿದ್ದರೆ ಬಣ್ಣ ಮಂಕು. ಫೋಟೊ, ವಿಡಿಯೊ ಕೆಲಸದವರು ‘100% ಎಸ್‌ಆರ್‌ಜಿಬಿ’ ಎಂದಿರುವುದನ್ನೇ ಕೇಳಿ. ಬೆಳಕು 250 ನಿಟ್ಸ್ ಆದರೆ ಕೋಣೆಯೊಳಗೆ ಸಾಕು, ಜಗಲಿಯಲ್ಲಿ ಕೂತರೆ ಪರದೆಯಲ್ಲಿ ಕಾಣುವುದು ನಿಮ್ಮದೇ ಮುಖ.

● ‘ಈಗ 8 ಜಿಬಿ ಇರಲಿ, ಆಮೇಲೆ ರ್‍ಯಾಮ್ ಹಾಕಿಸೋಣ’ ಎನ್ನುವವರು ಗಮನಿಸಿ: ವಿವರದಲ್ಲಿ ‘ಎಲ್‌ಪಿಡಿಡಿಆರ್’ ಎಂದಿದ್ದರೆ ರ್‍ಯಾಮ್ ಅನ್ನು ಬೋರ್ಡಿಗೇ ಬೆಸೆದಿರುವುದು ಬಹುತೇಕ ಖಚಿತ. ಆಮೇಲೆ ಎಂಬುದು ಇಲ್ಲ. ಬಿಡಿ ಸ್ಲಾಟ್ ಇದ್ದರೂ ಲೆಕ್ಕ ಬದಲಾಗಿದೆ. ಎಐ ಡೇಟಾ ಸೆಂಟರ್‌ಗಳು ಮೆಮರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ಜಗತ್ತಿನಾದ್ಯಂತ ಏರಿತು.

● ಬಡ್ಡಿ ಇಲ್ಲದ ಸಾಲ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಹಾಗಿದ್ದರೆ ‘ನೋ ಕಾಸ್ಟ್ ಇಎಂಐ’? ಬಡ್ಡಿಯಷ್ಟು ಮೊತ್ತವನ್ನು ಬೆಲೆಯಲ್ಲಿ ಮೊದಲೇ ಕಳೆದು, ಬ್ಯಾಂಕಿನ ಕಂತಿನಲ್ಲಿ ಮತ್ತೆ ಸೇರಿಸುತ್ತಾರೆ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಮಾತ್ರ ನಿಮ್ಮ ತಲೆಗೆ. 48,000ದ ಲ್ಯಾಪ್‌ಟಾಪಿಗೆ ಶೇ. 16ರ ಬಡ್ಡಿಯಲ್ಲಿ ಆರು ತಿಂಗಳ ಕಂತಾದರೆ ಇದು ಸುಮಾರು 400 ರೂಪಾಯಿ, ಪ್ರೊಸೆಸಿಂಗ್ ಶುಲ್ಕ ಬೇರೆ. ದೊಡ್ಡ ಮೊತ್ತವಲ್ಲ, ಆದರೆ ‘ನೋ ಕಾಸ್ಟ್’ ಅಂತೂ ಅಲ್ಲ. ನಗದು ಕೊಟ್ಟರೆ ಎಷ್ಟು ಬಿಡುತ್ತೀರಿ ಎಂದು ಕೇಳಿ ನೋಡಿ.

● ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಸಾಧಾರಣವಾಗಿ ಎಂಟನೇ ತಲೆಮಾರು ಅಥವಾ ಅದರ ಮೇಲಿನದು ಬೇಕು. ಕಂಪೆನಿಗಳಿಂದ ವಾಪಸು ಬಂದ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳನ್ನು ಕೊಳ್ಳುವವರು ‘ಐ5-’ ಆದ ಮೇಲಿನ ಅಂಕಿ ನೋಡಿ. 8ರಿಂದ ಶುರುವಾದರೆ ಸರಿ, 6 ಅಥವಾ 7 ಆದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಹಾಗೆಯೇ ಬಯೋಸ್‌ಗೆ ಹಳೆ ಕಂಪೆನಿಯ ಪಾಸ್‌ವರ್ಡ್ ಉಳಿದಿಲ್ಲವೆಂದು ಅಲ್ಲೇ ತೆರೆದು ನೋಡಿ.

ಇಷ್ಟು ನೋಡಿ ಕೊಂಡರೆ ಮೈಕಟ್ಟಿನ ಮಟ್ಟಿಗೆ ಇವುಗಳ ಹತ್ತಿರ ಅದೇ ಬೆಲೆಯ ಹೊಸ ಲ್ಯಾಪ್‌ಟಾಪ್ ಸುಳಿಯುವುದೂ ಕಷ್ಟ. ಆಫೀಸಿನ ದುಡಿಮೆಗೆಂದೇ ಕಟ್ಟಿದ ಯಂತ್ರಗಳು. ಎಷ್ಟೋ ಥಿಂಕ್‌ಪ್ಯಾಡ್‌ಗಳ ತಳದಲ್ಲಿ ಚೆಲ್ಲಿದ ಚಹಾ ಹರಿದುಹೋಗಲೆಂದು ತೂತುಗಳೇ ಇರುತ್ತವೆ. ಹಳೆಯದಾದ್ದರಿಂದ ಬ್ಯಾಟರಿ ಮಾತ್ರ ಪರೀಕ್ಷಿಸಿ. ವಿಂಡೋಸಿನ ಬ್ಯಾಟರಿ ರಿಪೋರ್ಟ್ ತೆಗೆಸಿದರೆ ತಯಾರಾದಾಗ ಎಷ್ಟಿತ್ತು, ಈಗ ತುಂಬುವುದೆಷ್ಟು ಎಂಬ ಎರಡೂ ಅಂಕಿ ಸಿಗುತ್ತವೆ.

● ಚಾರ್ಜಿಗೆ ಹಾಕಿದಾಗ ಲೋಹದ ಲ್ಯಾಪ್‌ಟಾಪಿನ ಮೈ ಜುಮ್ಮೆನ್ನುತ್ತದೆಯೇ? ಹೆಚ್ಚಿನ ಸಲ ಅದು ಲ್ಯಾಪ್‌ಟಾಪಿನ ದೋಷವಲ್ಲ, ಮನೆಯ ಅರ್ತಿಂಗಿನದು. ಚಾರ್ಜರಿನೊಳಗಿನ ಕೆಪಾಸಿಟರಿನಿಂದ ಸೋರುವ ಅತಿ ಸಣ್ಣ ಕರೆಂಟು ಮೂರನೇ ಪಿನ್ನಿನ ಮೂಲಕ ನೆಲಕ್ಕಿಳಿಯಬೇಕು. ಏಪ್ರಿಲ್, ಮೇಯಲ್ಲಿ ನೆಲ ಒಣಗಿ ಅರ್ತಿಂಗ್ ಗುಂಡಿ ಸೊರಗಿರುತ್ತದೆ. ಎರಡು ಕೊಡ ನೀರು ಹೊಯ್ದು ನೋಡಿ, ಆಮೇಲೆ ಸರ್ವೀಸಿನವರಿಗೆ ಫೋನ್ ಮಾಡಿ.

● ಅದೇ ತಿಂಗಳುಗಳಲ್ಲಿ ಸಂಜೆಯ ಸಿಡಿಲು. ಹತ್ತಿರ ಬಡಿದ ಸಿಡಿಲಿಗೆ ಸ್ಪೈಕ್ ಗಾರ್ಡ್ ಲೆಕ್ಕವೇ ಅಲ್ಲ. ಗುಡುಗು ಕೇಳಿದ ಕೂಡಲೇ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಕೆಲಸ ಮುಂದುವರಿಸಿ, ಮೋಡೆಮಿನಿಂದ ಬರುವ ವೈರನ್ನೂ ಬಿಡಿಸಿ.

● ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನು ಜೋಪಾನವೆಂದು ಬ್ಯಾಗಿನೊಳಗೆ ಕಟ್ಟಿ ಕಪಾಟಿನಲ್ಲಿಡುವುದು ತಪ್ಪು ಜೋಪಾನ. ದಿನಾ ಸ್ವಲ್ಪ ಹೊತ್ತು ಓಡಿಸಿದರೆ ಒಳಗಿನ ಬಿಸಿಗೆ ತೇವ ಆರುತ್ತದೆ. ನೀರು, ಇರುವೆ, ಬಿದ್ದು ಒಡೆದದ್ದು ಸಾಮಾನ್ಯ ವಾರಂಟಿಯಲ್ಲಿ ಬರುವುದಿಲ್ಲ. ಅಪಘಾತದ ರಕ್ಷಣೆಯನ್ನು ಬೇರೆಯೇ ಕೊಳ್ಳಬೇಕು.

● ಆನ್‌ಲೈನಿನಲ್ಲಿ ಪುತ್ತೂರಿನ 574201 ಪಿನ್‌ಕೋಡಿಗೆ ತೋರಿಸುವ ಎಕ್ಸ್‌ಚೇಂಜ್ ಆಫರನ್ನು ಕಡಬದ 574221ಕ್ಕೆ ತೋರಿಸದೇ ಇರಬಹುದು. ವಾರಂಟಿಯೂ ಹಾಗೆಯೇ. ‘ಆನ್‌ಸೈಟ್’ ಎಂದರೆ ಟೆಕ್ನಿಷಿಯನ್ ಮನೆಗೆ ಬರುವುದು, ‘ಕ್ಯಾರಿ-ಇನ್’ ಎಂದರೆ ನೀವೇ ಹೊತ್ತುಕೊಂಡು ಹೋಗುವುದು. ಪುತ್ತೂರಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ., ಸುಳ್ಯದಿಂದ 85ರ ಆಸುಪಾಸು. ಎರಡು ಸಾವಿರ ಕಡಿಮೆಗೆ ಕ್ಯಾರಿ-ಇನ್ ತೆಗೆದುಕೊಂಡು, ಒಂದು ಕೀಬೋರ್ಡಿಗಾಗಿ ಎರಡು ದಿನ ರಜೆ ಹಾಕಿದರೆ ಉಳಿದದ್ದೇನು?

● ಗಲ್ಫಿನಿಂದ ಬರುವಾಗ 18 ವರ್ಷ ದಾಟಿದವರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ತರಿಸುವ ಮೊದಲು ವಾರಂಟಿ ಇಲ್ಲಿಯೂ ನಡೆಯುತ್ತದೆಯೇ ಎಂದು ವಿಚಾರಿಸಿ. ಕೀಬೋರ್ಡಿನಲ್ಲಿ ಅರಬ್ಬೀ ಅಕ್ಷರ ಇರುವ ಸಾಧ್ಯತೆಗೂ ಮನಸ್ಸು ಗಟ್ಟಿ ಮಾಡಿಕೊಳ್ಳಿ.

● ಕೀಬೋರ್ಡಿನ ಮಾತು ಬಂತಲ್ಲ. ಇವತ್ತು ಕನ್ನಡ ಟೈಪಿಸುವವರು ಹೆಚ್ಚಾಗಿ ಬಳಸುವ ಧ್ವನಿ ಆಧಾರಿತ ಕೀಲಿಮಣೆ ವಿನ್ಯಾಸ ನಮ್ಮದೇ ಜಿಲ್ಲೆಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು. ಡಾಸ್ ಕಾಲದಲ್ಲಿ ಅವರು ರೂಪಿಸಿದ ಕನ್ನಡ ತಂತ್ರಾಂಶದ ಹೆಸರು ‘ಸೇಡಿಯಾಪು’, ಪುತ್ತೂರು ಸೀಮೆಯ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರು. ಲ್ಯಾಪ್‌ಟಾಪ್ ಯಾವ ದೇಶದ್ದೇ ಇರಲಿ, ಕನ್ನಡ ಬರೆಯಲು ಕೂತರೆ ಅದರಲ್ಲಿ ನಮ್ಮ ಊರಿನ ಪಾಲಿದೆ.

● ಆಟೋಡೆಸ್ಕ್‌ನ ಆಟೋಕ್ಯಾಡ್ ವಿದ್ಯಾರ್ಥಿಗಳಿಗೆ ಅಧಿಕೃತವಾಗಿಯೇ ಉಚಿತ, ವರ್ಷಕ್ಕೊಮ್ಮೆ ನವೀಕರಿಸಿಕೊಂಡರಾಯಿತು. ‘ಎಲ್ಲ ಸಾಫ್ಟ್‌ವೇರ್ ಹಾಕಿಕೊಡುತ್ತೇವೆ’ ಎಂಬುದು ಆಫರ್ ಅಲ್ಲ, ವೈರಸ್ಸಿಗೆ ಆಮಂತ್ರಣ. ಮೆಕ್ಯಾನಿಕಲ್ ಓದುವವರು ಸಾಲಿಡ್‌ವರ್ಕ್ಸ್ ವಿಂಡೋಸಿಗಷ್ಟೇ ಎಂಬುದನ್ನು ಮ್ಯಾಕ್‌ಬುಕ್ ಕೊಳ್ಳುವ ಮೊದಲು ನೆನಪಿಟ್ಟುಕೊಳ್ಳಿ.

● ಲ್ಯಾಪ್‌ಟಾಪ್ ಕೈಕೊಟ್ಟು ಮಾರಿದವರೂ ಕೈಚೆಲ್ಲಿದರೆ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ನಂಬರಿಗೆ ಫೋನ್ ಮಾಡಿ ಕನ್ನಡದಲ್ಲೇ ದೂರು ಹೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದವರ ಕಚೇರಿ ಯಾವ ಊರಿನಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ಮಂಗಳೂರಿನಲ್ಲೇ, ದಾವೆ ಹೂಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಬಿಲ್ ಮಾತ್ರ ಬೇಕೇ ಬೇಕು. ಅಂಗಡಿಯವರು ಕೊಡುವ ನುಣುಪು ಕಾಗದದ ಥರ್ಮಲ್ ಬಿಲ್ ವರ್ಷ ಕಳೆಯುವುದರೊಳಗೆ ಮಾಸಿ ಬಿಳಿಯಾಗಬಹುದು, ಕೊಂಡ ದಿನವೇ ಅದರ ಫೋಟೊ ತೆಗೆದು ಮನೆಯವರಿಗೂ ಕಳಿಸಿಡಿ.