ಸಂಖ್ಯೆ ಸರಿ, ಜಾಗ ತಪ್ಪು

2005ರ ಡಿಸೆಂಬರ್ 8. ಜೆ-ಕಾಮ್ ಎಂಬ ಕಂಪನಿ ಟೋಕಿಯೊ ಷೇರುಪೇಟೆಗೆ ಕಾಲಿಟ್ಟ ಮೊದಲ ದಿನ. ಮಿಜುಹೊ ಸೆಕ್ಯುರಿಟೀಸ್ ತನ್ನ ಗ್ರಾಹಕರ ಪರವಾಗಿ ಒಂದು ಷೇರನ್ನು 6,10,000 ಯೆನ್‌ಗೆ ಮಾರಬೇಕಿತ್ತು. ಹೊರಟ ಆರ್ಡರ್‌ನಲ್ಲಿ ಇದ್ದದ್ದು 6,10,000 ಷೇರು, ತಲಾ ಒಂದು ಯೆನ್. ಆ ಕಂಪನಿಯ ಒಟ್ಟು ಷೇರುಗಳೇ ಸುಮಾರು 14,500! ಪರದೆಯ ಮೇಲೆ ಎಚ್ಚರಿಕೆ ಮೂಡಿತ್ತು, ಯಾರೂ ಲೆಕ್ಕಿಸಲಿಲ್ಲ. ರದ್ದುಮಾಡಲು ಹೋದರೆ ಷೇರುಪೇಟೆಯ ಸಾಫ್ಟ್‌ವೇರ್ ದೋಷ ಅಡ್ಡಬಂತು. ನಷ್ಟ ಸುಮಾರು 4,000 ಕೋಟಿ ಯೆನ್.

ಎರಡೂ ಸಂಖ್ಯೆ ಸರಿಯಾಗಿಯೇ ಇದ್ದವು. ಅದಲುಬದಲಾದದ್ದು ಅವುಗಳ ಜಾಗ. ಅಂದು ತಪ್ಪಿದ್ದು ಮನುಷ್ಯನ ಕೈ. ಇಂದು ವಹಿವಾಟು ನಡೆಸುವ ಪ್ರೋಗ್ರಾಮಿನೊಳಗೆ ಒಂದು ಆಬ್ಜೆಕ್ಟ್ ಇನ್ನೊಂದಕ್ಕೆ ಇಂಥ ಸಂಖ್ಯೆಗಳನ್ನು ಎಡೆಬಿಡದೆ ದಾಟಿಸುತ್ತಿರುತ್ತದೆ. ಹೀಗೆ ದಾಟಿಸುವ ಮೌಲ್ಯಗಳೇ ಪ್ಯಾರಾಮೀಟರ್‌ಗಳು.

ವಿದೇಶಿ ವಿನಿಮಯದ ವಹಿವಾಟಿನಲ್ಲಿ ಹೆಸರಾದ ಮೆಟಾಟ್ರೇಡರ್ 4 ಸಾಫ್ಟ್‌ವೇರ್ ನೋಡಿ. ಅದರ ಎಂಕ್ಯೂಎಲ್4 ಭಾಷೆಯಲ್ಲಿ ಆರ್ಡರ್ ಕಳಿಸುವ ಫಂಕ್ಷನ್‌ಗೆ 11 ಪ್ಯಾರಾಮೀಟರ್‌ಗಳು. ಯಾವುದು ಏನು ಎಂಬುದು ಅದು ಕೂತ ಜಾಗದಿಂದಷ್ಟೇ ತಿಳಿಯಬೇಕು. ಪ್ರಮಾಣ, ಬೆಲೆ, ನಷ್ಟಕ್ಕೆ ಮಿತಿ ಹಾಕುವ ಸ್ಟಾಪ್‌ಲಾಸ್, ಲಾಭ ಕೈಗೆ ಬಂದಾಗ ಹೊರಬರುವ ಟೇಕ್‌ಪ್ರಾಫಿಟ್ ನಾಲ್ಕೂ ದಶಮಾಂಶ ಸಂಖ್ಯೆಗಳೇ. ಹಿಂದುಮುಂದಾದರೆ, ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತರುವ ಕಂಪೈಲರ್ ತುಟಿಪಿಟಕ್ಕೆನ್ನದು.

ಮುಂದಿನ ಎಂಕ್ಯೂಎಲ್5ನಲ್ಲಿ ಈ ಫಂಕ್ಷನ್‌ಗೆ ಎರಡೇ ಪ್ಯಾರಾಮೀಟರ್: ಬೇಡಿಕೆಯದೊಂದು ರಚನೆ (ಹಲವು ಅಂಶಗಳ ಕಟ್ಟು), ಉತ್ತರದ್ದೊಂದು. ಬೇಡಿಕೆಯೊಳಗಿನ ಪ್ರತಿ ಅಂಶಕ್ಕೂ ಹೆಸರಿದೆ. ಆ ಹೆಸರು ಹಿಡಿದೇ ಬೆಲೆ, ಪ್ರಮಾಣ ತುಂಬಬೇಕು. ಬಹಳ ಒಳ್ಳೆಯ ಬದಲಾವಣೆ ಇದು. ಎರಡೂ ರಚನೆಗಳನ್ನು ರೆಫರೆನ್ಸ್ ಮೂಲಕ ದಾಟಿಸಲಾಗುತ್ತದೆ. ಎಂದರೆ ನಕಲು ಹೋಗುವುದಿಲ್ಲ, ಮೂಲವನ್ನೇ ಒಪ್ಪಿಸಿದಂತೆ. ಆದ್ದರಿಂದಲೇ ಸರ್ವರ್ ಕೊಟ್ಟ ಉತ್ತರವನ್ನು ಫಂಕ್ಷನ್ ನೇರವಾಗಿ ನಮ್ಮ ರಚನೆಯಲ್ಲಿ ಬರೆದುಬಿಡಬಲ್ಲದು. ಇದರಲ್ಲಿ ಅಪಾಯವೂ ಉಂಟು: ಬದಲಾಗಬಾರದ್ದನ್ನೂ ರೆಫರೆನ್ಸ್ ಮೂಲಕ ಕೊಟ್ಟರೆ, ಪಡೆದ ಫಂಕ್ಷನ್ ಅದನ್ನು ತಿದ್ದಿಬಿಡಬಹುದು. ಬರಿಯ ಓದಿಗೆ ಕೊಡುವುದಾದರೆ ‘ಕಾನ್ಸ್ಟ್’ ಎಂದು ಬರೆದು ತಿದ್ದುಪಡಿಯನ್ನು ತಡೆಯಬೇಕು. ಬಳಸುವ ಮುನ್ನ ರಚನೆಯನ್ನು ಸೊನ್ನೆಗಳಿಂದ ತುಂಬುವುದೂ ಅಷ್ಟೇ ಮುಖ್ಯ. ಇಲ್ಲವಾದರೆ ನಾವು ಮುಟ್ಟದ ಅಂಶಗಳಲ್ಲಿ ಮೆಮೊರಿಯ ಹಳೆಯ ಕಸ ಉಳಿದಿರಬಹುದು.

ಹೆಸರುಗಳಷ್ಟೇ ಸಾಲವು ಎಂಬುದು ನನ್ನ ಅಭಿಪ್ರಾಯ. ‘ಪ್ರಮಾಣ’ ಎಂಬ ಅಂಶಕ್ಕೆ ಬೆಲೆಯನ್ನೇ ತುಂಬಿದರೂ ಭಾಷೆ ಒಪ್ಪಿಕೊಳ್ಳುತ್ತದೆ, ಎರಡೂ ದಶಮಾಂಶ ತಾನೆ! ಬೆಲೆಯನ್ನೂ ಪ್ರಮಾಣವನ್ನೂ ಬೇರೆ ಬೇರೆ ಟೈಪ್‌ಗಳಾಗಿ ಕಟ್ಟಿದರೆ, ಒಂದರ ಜಾಗದಲ್ಲಿ ಇನ್ನೊಂದು ಕಂಡಕೂಡಲೇ ಕಂಪೈಲರ್ ಪ್ರೋಗ್ರಾಮನ್ನು ಸಿದ್ಧಪಡಿಸಲು ನಿರಾಕರಿಸುತ್ತದೆ. ಇದು ಕಡೆಗಣಿಸಿ ಮುಂದೆ ಹೋಗಬಹುದಾದ ಎಚ್ಚರಿಕೆಯಲ್ಲ. ರಸ್ಟ್, ಸಿ ಪ್ಲಸ್ ಪ್ಲಸ್‌ನಂಥ ಭಾಷೆಗಳಲ್ಲಿ ಈ ತಪಾಸಣೆಯೆಲ್ಲ ಕಂಪೈಲ್ ಹಂತದಲ್ಲೇ ಮುಗಿಯುವುದರಿಂದ, ವಹಿವಾಟಿನ ವೇಗಕ್ಕೆ ಸಾಮಾನ್ಯವಾಗಿ ಅದರ ಹೊರೆ ಬೀಳುವುದಿಲ್ಲ.