ಬೆಳಿಗ್ಗೆ ಏಳಲಾಗದವರ ಬಗ್ಗೆ ಐದು ತಪ್ಪು ಕಲ್ಪನೆಗಳು

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಇಲ್ಲಿನ ಸರ್ಕಾರಿ ಕಚೇರಿಗಳ ವೇಳೆಯನ್ನು ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುತ್ತಾರೆ. ಆಳಂದ ತಾಲ್ಲೂಕಿನ ನರೋಣಾದಿಂದ ಕಲಬುರಗಿಗೆ ನೌಕರಿಗೆ ಹೋಗುವವರು ಬಸ್ ಹಿಡಿಯಬೇಕೆಂದರೆ ನಸುಕಿನಲ್ಲೇ ಏಳಬೇಕು. ಅಲಾರಾಂ ಹೊಡೆದು ಹೊಡೆದು ತಾನೇ ಸುಮ್ಮನಾದರೂ ಮಗ್ಗಲು ಬದಲಿಸದ ಮಂದಿಗೆ ಇದು ಕಷ್ಟದ ಕಾಲ. ಅವರ ಬಗ್ಗೆ ಮನೆಮಂದಿ ಆಡುವ ಮಾತುಗಳಲ್ಲಿ ನಿಜವೆಷ್ಟು?

ಕಲ್ಪನೆ 1: “ಅಂವಾ ಮೈಗಳ್ಳ ಅದಾನ್ರಿ, ಅದಕ್ಕ ಏಳಂಗಿಲ್ಲ.”

ಸತ್ಯ: ಸದ್ದಿಗೆ ಎಚ್ಚರವಾಗದಿರುವುದಕ್ಕೂ ಸೋಮಾರಿತನಕ್ಕೂ ಸಂಬಂಧವಿಲ್ಲ. ನಿದ್ದೆಯಲ್ಲಿ ಮಿದುಳು ಆಗಾಗ ‘ಸ್ಲೀಪ್ ಸ್ಪಿಂಡಲ್’ ಎಂಬ ಕಿರು ವಿದ್ಯುತ್ ಅಲೆಗಳನ್ನು ಹೊಮ್ಮಿಸುತ್ತದೆ. ಇವು ಹೆಚ್ಚಿರುವವರು ಗದ್ದಲದಲ್ಲೂ ಮಲಗಿಯೇ ಇರುತ್ತಾರೆಂದು ಹಾರ್ವರ್ಡ್ ಸಂಶೋಧಕರು 2010ರಲ್ಲಿ ತೋರಿಸಿದರು. ಹರೆಯದವರಲ್ಲಿ ದೇಹದ ಗಡಿಯಾರವೇ ಹಿಂದೆ ಬೀಳುತ್ತದೆ; ಅವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು.

ಕಲ್ಪನೆ 2: “ಅಲಾರಾಂ ಜೋರ ಇಟ್ರ ಎಚ್ಚರ ಆಗ್ತದ.”

ಸತ್ಯ: ಸದ್ದಿನ ಜೋರಿನಷ್ಟೇ ಅದರ ಬಗೆಯೂ ಮುಖ್ಯ. ಬೆಂಕಿಯ ಹೊಗೆ ಎಚ್ಚರಿಕೆ ಗಂಟೆಗಳ ಮೇಲೆ ನಡೆದ ಪ್ರಯೋಗಗಳಲ್ಲಿ, 3,000 ಹರ್ಟ್ಸ್ ಸುತ್ತಮುತ್ತಲಿನ ಕೀರಲು ದನಿಗಿಂತ 520 ಹರ್ಟ್ಸ್‌ನ ತಗ್ಗಿದ ದನಿಗೆ ಹೆಚ್ಚು ಜನ ಎದ್ದರು. ನಿದ್ದೆಯಲ್ಲಿರುವ ಮಿದುಳು ಬೇರೆ ಹೆಸರುಗಳಿಗಿಂತ ತನ್ನ ಹೆಸರಿಗೆ ಚುರುಕಾಗಿ ಸ್ಪಂದಿಸುತ್ತದೆಂಬುದು 1960ರಲ್ಲೇ ದಾಖಲಾಗಿದೆ. ಅವ್ವ ಹೆಸರು ಹಿಡಿದು ಕೂಗುವುದರಲ್ಲಿ ಅರ್ಥವಿದೆ. ಅವರ ದನಿಯನ್ನೇ ಮೊಬೈಲಿನಲ್ಲಿ ಅಲಾರಾಂ ಮಾಡಿಟ್ಟು, ಎದ್ದು ಹೋಗಿಯೇ ಆರಿಸಬೇಕಾದಷ್ಟು ದೂರ ಇಡಿ.

ಕಲ್ಪನೆ 3: “ರಾತ್ರಿ ನಿದ್ದಿ ಕಡಿಮಿ ಆದ್ರ ಏನಾಯ್ತು, ಮಧ್ಯಾಹ್ನ ಮಕ್ಕೊಂಡ್ರಾಯ್ತು.”

ಸತ್ಯ: ಬೇಸಿಗೆಯ ಎಡವಟ್ಟು ಶುರುವಾಗುವುದೇ ಇಲ್ಲಿ. ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಕೂಡುತ್ತಾ ಹೋಗಿ ರಾತ್ರಿ ನಿದ್ದೆ ತರಿಸುತ್ತದೆ. ಒಂದೂವರೆಗೆ ಕಚೇರಿ ಬಿಟ್ಟು ಬಂದು, ಉಂಡು, ಫ್ಯಾನಿನಡಿ ಐದರವರೆಗೆ ಮಲಗಿದರೆ ಅದು ಕರಗಿಹೋಗುತ್ತದೆ. ಸಾಲದ್ದಕ್ಕೆ ಹಗಲೆಲ್ಲ ಕಾದ ಆರ್‌ಸಿಸಿ ಛಾವಣಿ ರಾತ್ರಿಯಿಡೀ ಕಾವು ಬಿಡುತ್ತದೆ. ನಿದ್ದೆ ಹತ್ತಲು ಮೈಯೊಳಗಿನ ಶಾಖ ಇಳಿಯಬೇಕು, ಅದು ಇಳಿಯುವುದಿಲ್ಲ. ಹನ್ನೆರಡೂವರೆಗೆ ಕಣ್ಣು ಮುಚ್ಚಿ ಐದೂವರೆಗೆ ಏಳು ಎಂದರೆ ಸಿಗುವುದು ಐದೇ ತಾಸು. ವಯಸ್ಕರಿಗೆ ಕನಿಷ್ಠ ಏಳು ತಾಸು ಬೇಕು. ಹಗಲಿನ ನಿದ್ದೆ ಮಧ್ಯಾಹ್ನ ಮೂರರೊಳಗೆ, 20-30 ನಿಮಿಷಕ್ಕೆ ಮುಗಿಯಲಿ. ಸಂಜೆ ಮಾಳಿಗೆಗೆ ನೀರು ಹೊಡೆದು ಅಲ್ಲೇ ಹಾಸಿಕೊಳ್ಳುವ ಹಳೆ ರೂಢಿ ಈಗಲೂ ಒಳ್ಳೆಯದೇ: ಮೈ ಬೇಗ ತಣಿಯುತ್ತದೆ, ಬೆಳಕು ಹರಿದಾಗ ನೇರ ಕಣ್ಣಿಗೆ ಬೀಳುತ್ತದೆ.

ಕಲ್ಪನೆ 4: “ಎದ್ದಕೂಡ್ಲೆ ತಲಿ ಭಾರ ಅದಂದ್ರ ಇನ್ನೊಂದೀಟು ಮಕ್ಕೋಬೇಕು.”

ಸತ್ಯ: ಎದ್ದಮೇಲಿನ ಆ ಮಂಪರು ಹೆಚ್ಚಿನವರಲ್ಲಿ 15-30 ನಿಮಿಷಕ್ಕೆ ಇಳಿಯುತ್ತದೆ. ಮತ್ತೆ ಮಲಗಿದವರು ಗಾಢ ನಿದ್ದೆಗೆ ಜಾರಿದರೆ ಎರಡನೇ ಸಲ ಏಳುವುದು ಇನ್ನೂ ಕಷ್ಟ. ಅಂಗಳಕ್ಕೆ ಬಂದು ಬೆಳಕಿಗೆ ನಿಲ್ಲಿ; ನಿದ್ದೆಯ ಹಾರ್ಮೋನ್ ಮೆಲಟೊನಿನ್ ತಗ್ಗುತ್ತದೆ. ರಜಾ ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಎದ್ದರೆ ಸೋಮವಾರ ಹಗುರಾಗುತ್ತದೆ.

ಕಲ್ಪನೆ 5: “ಗೊರಕಿ ಹೊಡಿಲಿಕತ್ತಾನಂದ್ರ ಛಲೋ ನಿದ್ದಿ ಹತ್ಯಾದ.”

ಸತ್ಯ: ಜೋರು ಗೊರಕೆ ನಡುವೆ ಉಸಿರು ನಿಂತು, ಮತ್ತೆ ಏದುಸಿರಿನೊಂದಿಗೆ ಶುರುವಾಗುತ್ತಿದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಗಂಟಲ ದಾರಿ ಮುಚ್ಚಿದಾಗಲೆಲ್ಲ ಮಿದುಳು ಕ್ಷಣಕಾಲ ಎಚ್ಚರಗೊಳ್ಳುತ್ತದೆ, ಮಲಗಿದವರಿಗೆ ಮಾತ್ರ ಗೊತ್ತಾಗುವುದಿಲ್ಲ. ಹೀಗಾಗಿ ಎಂಟು ತಾಸು ಮಲಗಿದರೂ ಬೆಳಿಗ್ಗೆ ಏಳಲಾಗದು, ಹಗಲಲ್ಲಿ ಬಸ್ಸಿನಲ್ಲಿ ಕುಳಿತಲ್ಲೇ ತೂಕಡಿಕೆ. ರಕ್ತದೊತ್ತಡ ಏರುವ ಅಪಾಯವೂ ಇದೆ. ಇದಕ್ಕೆ ಚಿಕಿತ್ಸೆ ಇದೆ. ಅಂಥವರನ್ನು ಬೈಯುವ ಮೊದಲು ವೈದ್ಯರಿಗೆ ತೋರಿಸಿ.